ಮೂಗಿನ ಪಾಲಿಪ್ ಮತ್ತೆ ಬರುವುದಾದರೆ ಆಪರೇಷನ್ ಯಾಕೆ? ಒಂದೇ ಕಡೆ ಇದ್ದರೆ ಬಯಾಪ್ಸಿ ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಏಳೆಂಟು ವರ್ಷದಿಂದ ಮೂಗು ಕಟ್ಟಿಕೊಂಡೇ ಇರುತ್ತದೆ, ವಾಸನೆ ಹೆಚ್ಚುಕಡಿಮೆ ಹೋಗೇಬಿಟ್ಟಿದೆ, ಗಂಟಲಿಗೆ ಸಿಂಬಳ ಇಳಿಯುತ್ತಲೇ ಇರುತ್ತದೆ. ಐದು ವರ್ಷದ ಹಿಂದೆ ಸೈನಸ್ ಆಪರೇಷನ್ ಮಾಡಿ ಎರಡೂ ಕಡೆಯ ಪಾಲಿಪ್ ತೆಗೆದಿದ್ದರು. ಒಂದೂವರೆ ವರ್ಷ ಆರಾಮವಾಗಿದ್ದೆ, ಆಮೇಲೆ ನಿಧಾನವಾಗಿ ಮತ್ತೆ ಶುರುವಾಯಿತು. ಈ ಸಲ ಬಲಗಡೆಯೇ ಜಾಸ್ತಿ, ಎರಡು ಮೂರು ಸಲ ರಕ್ತ ಬೆರೆತ ಸಿಂಬಳವೂ ಬಂತು. ಸಿ.ಟಿ. ನೋಡಿದ ವೈದ್ಯರು ಎಂ.ಆರ್.ಐ. ಮತ್ತು ಬಯಾಪ್ಸಿ ಆಗಲಿ, ಆಮೇಲೆ ಆಪರೇಷನ್ ಎನ್ನುತ್ತಿದ್ದಾರೆ. ಮತ್ತೆ ಮತ್ತೆ ಬರುವುದಾದರೆ ಆಪರೇಷನ್ ಮಾಡಿಸಿ ಏನು ಪ್ರಯೋಜನ? ಬಯಾಪ್ಸಿ ಎಂದರೆ ಕ್ಯಾನ್ಸರ್ ಅನುಮಾನವೇ? ಕಣ್ಣಿಗೆ, ಮಿದುಳಿಗೆ ಅಪಾಯ ಎನ್ನುತ್ತಾರಲ್ಲ, ಅದು ಎಷ್ಟು ನಿಜ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಎರಡೂ ಕಡೆ ಬರುವ ಪಾಲಿಪ್ ಮೂಗಿನ ಒಳಪದರದ ಕಾಯಿಲೆ. ಅದು ಮರಳಿ ಬರುವ ಲೆಕ್ಕವೇ ಬೇರೆ. ಒಂದೇ ಕಡೆ ಜಾಸ್ತಿ, ಜೊತೆಗೆ ರಕ್ತ ಎಂದಾಗ ಮೊದಲು ಅದು ಪಾಲಿಪ್ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಿಮ್ಮ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಹಾಗಾಗಿ ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ.

ಮಾಮೂಲಿ ಪಾಲಿಪ್, ಮೂಗಿನೊಳಗೆ ಹಾಕಿ ನೋಡುವ ಎಂಡೋಸ್ಕೋಪ್ ಎಂಬ ದುರ್ಬೀನಿನಲ್ಲಿ, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಕಾಣುತ್ತದೆ. ನಸುಬೂದು ಬಣ್ಣ, ನುಣುಪು, ಮುಟ್ಟಿದರೆ ಅಲುಗಾಡುತ್ತದೆ, ನೋವಿಲ್ಲ, ರಕ್ತ ಬರುವುದಿಲ್ಲ. ಬಣ್ಣ ಕೆಂಪಾಗಿದ್ದು, ಮೇಲ್ಮೈ ಹೂಕೋಸಿನಂತೆ ತರಿತರಿಯಾಗಿ, ಸಲಕರಣೆ ತಾಗಿದೊಡನೆ ರಕ್ತ ಜಿನುಗಿದರೆ ಅದನ್ನು ಪಾಲಿಪ್ ಎಂದು ಕರೆದು ಸುಮ್ಮನಾಗುವಂತಿಲ್ಲ. ಹಾಗೆಂದು ಒಂದು ಪಕ್ಕದ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಕೆನ್ನೆಯ ಸೈನಸ್ಸಿನಲ್ಲಿ ಹುಟ್ಟಿ ಮೂಗಿನ ಹಿಂಭಾಗಕ್ಕೆ ಜೋತುಬೀಳುವ ಒಂಟಿ ಪಾಲಿಪ್ ಇರಬಹುದು. ಮೇಲಿನ ದವಡೆ ಹಲ್ಲಿನ ಬೇರು ಕೊಳೆತು ಆ ಕೀವು ಸೈನಸ್ಸಿಗೆ ಏರಿರಬಹುದು. ಇದರಲ್ಲಿ ಕೆಟ್ಟ ವಾಸನೆ ರೋಗಿಗೇ ಗೊತ್ತಾಗುತ್ತದೆ, ಹಲ್ಲಿಗೆ ಚಿಕಿತ್ಸೆಯಾಗದೆ ಸೈನಸ್ ಎಷ್ಟು ಸಲ ತೊಳೆದರೂ ವಾಸಿಯಾಗುವುದಿಲ್ಲ. ಫಂಗಸ್ ಉಂಡೆ ಕಟ್ಟಿಕೊಂಡಿರಬಹುದು. ಅಲರ್ಜಿಯ ಫಂಗಲ್ ಸೈನಸೈಟಿಸ್ ಕೂಡ ಎಷ್ಟೋ ಸಲ ಒಂದೇ ಪಕ್ಕ ಬರುತ್ತದೆ. ಇನ್‌ವರ್ಟೆಡ್ ಪ್ಯಾಪಿಲೋಮ ಎಂಬ ಗಡ್ಡೆ ಇರಬಹುದು, ಅದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ. ಕ್ಯಾನ್ಸರ್ ಈ ಪಟ್ಟಿಯ ಕೊನೆಯಲ್ಲಿದೆ, ಆದರೆ ಪಟ್ಟಿಯಲ್ಲಿದೆ. ಇವನ್ನು ಬರಿಗಣ್ಣಿನಿಂದ ಬೇರೆ ಮಾಡಲು ಆಗದು ಎನ್ನುವುದಕ್ಕೇ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷಿಸುವುದು.

ಬಯಾಪ್ಸಿಗೂ ಒಂದು ಕ್ರಮವಿದೆ. ಸಾಧ್ಯವಾದರೆ ಎಂ.ಆರ್.ಐ. ಮೊದಲು ಆಗಲಿ, ಚೂರು ತೆಗೆಯುವುದು ಆಮೇಲೆ. ತೆಗೆದ ಜಾಗದಲ್ಲಿ ಊತ, ರಕ್ತ ಕಟ್ಟಿದರೆ ಚಿತ್ರ ಕಲಸಿಹೋಗುತ್ತದೆ. ಸಿ.ಟಿ.ಯಲ್ಲಿ ಗಡ್ಡೆಯೂ ಅದರ ಹಿಂದೆ ತಡೆದು ನಿಂತ ಸಿಂಬಳವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಎಂ.ಆರ್.ಐ.ನ ಟಿ2 ಚಿತ್ರದಲ್ಲಿ ಸಿಂಬಳ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಮಂಕಾಗಿ ನಿಲ್ಲುತ್ತದೆ. ಸಿ.ಟಿ.ಯಲ್ಲಿ ಕೆನ್ನೆ, ಹಣೆ, ಕಣ್ಣಂಚಿನವರೆಗೆ ಎಲ್ಲ ಗಡ್ಡೆ ಎಂದು ಹೆದರಿದ್ದು ಎಂ.ಆರ್.ಐ.ಯಲ್ಲಿ ಎರಡು ಸೆಂಟಿಮೀಟರಿಗೆ ಇಳಿಯುವುದುಂಟು. ಕೆಲವು ಗಡ್ಡೆಗಳನ್ನಂತೂ ಸ್ಕ್ಯಾನ್ ಇಲ್ಲದೆ ಮುಟ್ಟಲೇಬಾರದು. ಹದಿಹರೆಯದ ಹುಡುಗನಿಗೆ ಒಂದು ಕಡೆ ಮೂಗು ಕಟ್ಟಿ ಮತ್ತೆ ಮತ್ತೆ ರಕ್ತ ಸುರಿಯುತ್ತಿದ್ದರೆ ಅದು ಆಂಜಿಯೋಫೈಬ್ರೋಮ ಇರಬಹುದು. ಅದು ರಕ್ತನಾಳಗಳ ಗೊಂಚಲು, ಓ.ಪಿ.ಡಿ. ಕುರ್ಚಿಯಲ್ಲಿ ಚಿವುಟಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಅದಕ್ಕೆ ಬಯಾಪ್ಸಿಯೇ ಮಾಡುವುದಿಲ್ಲ, ಸ್ಕ್ಯಾನಿನಲ್ಲೇ ಗುರುತಿಸಿ, ಆಪರೇಷನ್ನಿಗೆ 24ರಿಂದ 72 ಗಂಟೆ ಮೊದಲು ರಕ್ತನಾಳವನ್ನು ಒಳಗಿನಿಂದ ಮುಚ್ಚಿ, ಆಮೇಲೆ ತೆಗೆಯುತ್ತಾರೆ. ಮೂಗಿನ ಚಾವಣಿಯಿಂದ ಇಳಿಬಿದ್ದ ಗಂಟು ತಲೆಬುರುಡೆಯ ರಂಧ್ರದಿಂದ ಜಾರಿಬಂದ ಮಿದುಳಿನ ಪೊರೆಯೂ ಆಗಿರಬಹುದು. ಅದನ್ನು ಚಿವುಟುವುದು ಎಂದರೆ ಮಿದುಳು ಜ್ವರಕ್ಕೆ ಬಾಗಿಲು ತೆರೆದಂತೆ.

ಬಯಾಪ್ಸಿ ವರದಿ ಬಂದಮೇಲೂ ಎಚ್ಚರ ಬೇಕು. ಗಡ್ಡೆಯ ಮುಂದೆ ಮಾಮೂಲಿ ಪಾಲಿಪ್ ಪರದೆಯ ಹಾಗೆ ಜೋತಾಡುತ್ತಿರುವುದು ಅಪರೂಪವಲ್ಲ. ಮೇಲಿನ ಚೂರನ್ನಷ್ಟೇ ಕಳಿಸಿದರೆ ವರದಿಯಲ್ಲಿ ಉರಿಯೂತದ ಪಾಲಿಪ್ ಎಂದೇ ಬರುತ್ತದೆ. ನೋಟಕ್ಕೂ ಸ್ಕ್ಯಾನಿಗೂ ವರದಿಗೂ ತಾಳೆಯಾಗದಿದ್ದರೆ ಒಳಗಿನಿಂದ ಇನ್ನೊಂದು ಚೂರು ತೆಗೆಯಬೇಕೇ ಹೊರತು, ಸದ್ಯ ಪಾರಾದೆವು ಎಂದು ಫೈಲು ಮುಚ್ಚಬಾರದು.

ಈಗ ನಿಮ್ಮ ಮೊದಲ ಪ್ರಶ್ನೆ: ಮತ್ತೆ ಬರುವುದಾದರೆ ಆಪರೇಷನ್ ಯಾಕೆ?

ಸೈನಸ್ ಎಂದರೆ ಎಲುಬಿನೊಳಗಿನ ಗಾಳಿಯ ಕೋಣೆ. ಪ್ರತಿ ಕೋಣೆಗೂ ಸಣ್ಣದೊಂದು ಬಾಯಿ. ಒಳಪದರದ ಮೇಲೆ ಕಣ್ಣಿಗೆ ಕಾಣದ ಕೂದಲುಗಳು ಸಿಂಬಳದ ಹೊದಿಕೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಆ ಬಾಯಿಯ ಕಡೆಗೇ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಬಾಯಿ ಇರುವುದು ಮೇಲ್ಭಾಗದಲ್ಲಿ. ಕೂದಲುಗಳು ಗುರುತ್ವಕ್ಕೆ ಎದುರಾಗಿ ಮೇಲಕ್ಕೇ ತಳ್ಳುತ್ತವೆ, ತಳದಲ್ಲಿ ನಾವು ಹೊಸ ತೂತು ಕೊರೆದುಕೊಟ್ಟರೂ ಅದರ ಕಡೆ ತಿರುಗುವುದಿಲ್ಲ. ಹಿಂದಿನ ಕಾಲದ ಆಪರೇಷನ್ನುಗಳು ಸೋತದ್ದು ಇಲ್ಲೇ. ಮೇಲ್ತುಟಿಯ ಒಳಗಿಂದ ಕೆನ್ನೆಯ ಎಲುಬು ಒಡೆದು, ಒಳಪದರವನ್ನು ಪೂರ್ತಿ ಕೆರೆದು, ಕೆಳಗೆ ಕಿಟಕಿ ಮಾಡುವ ಕಾಲ್ಡ್‌ವೆಲ್-ಲುಕ್ ವಿಧಾನ 1890ರ ದಶಕದಿಂದ ಬಹುಕಾಲ ನಡೆಯಿತು. ಕೆರೆದ ಜಾಗದಲ್ಲಿ ಬೆಳೆದದ್ದು ಕೂದಲಿಲ್ಲದ ಗಾಯದ ಚರ್ಮ. ಆಸ್ಟ್ರಿಯದ ಗ್ರಾಝ್‌ನಲ್ಲಿ ಮೆಸರ್‌ಕ್ಲಿಂಗರ್ ಸಿಂಬಳದ ಈ ಹರಿವಿನ ದಾರಿಯನ್ನು ಗುರುತಿಸಿದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಒಳಪದರ ಉಳಿಸು, ಸಹಜ ಬಾಯಿಯನ್ನೇ ಅಗಲಿಸು. 1985ರ ಹೊತ್ತಿಗೆ ಇದಕ್ಕೆ ಫೆಸ್ (ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ) ಎಂಬ ಹೆಸರೂ ಬಂತು.

ಅಂದರೆ ಆಪರೇಷನ್ ಒಳಪದರದ ಸ್ವಭಾವ ಬದಲಿಸುವುದಿಲ್ಲ. ಪಾಲಿಪ್ ಬೆಳೆಸುವುದು ಒಳಪದರದೊಳಗಿನ ಅಲರ್ಜಿ ಬಗೆಯ ಉರಿಯೂತ, ಬಹಳ ಜನರಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಕಾರುಬಾರು. ಆಪರೇಷನ್ ಮಾಡುವುದು ಮೂರು ಕೆಲಸ: ತುಂಬಿಕೊಂಡದ್ದನ್ನು ಖಾಲಿ ಮಾಡುತ್ತದೆ, ಗಾಳಿ ಮತ್ತು ಸಿಂಬಳಕ್ಕೆ ದಾರಿ ಕೊಡುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಔಷಧಿ ಒಳಗೆ ಹೋಗುವ ಹಾಗೆ ಮಾಡುತ್ತದೆ. ಆಪರೇಷನ್ ಆಗದ ಸೈನಸ್ಸಿಗೆ ಸ್ಪ್ರೇ ತಲುಪುವುದೇ ಇಲ್ಲ ಎಂದರೂ ಸರಿ. ಬಾಯಿ ಅಗಲವಾದ ಸೈನಸ್ಸಿಗೆ ತೊಳೆಯುವ ನೀರು ತುಂಬಿ ಹರಿದು ಬರುತ್ತದೆ. ಆಪರೇಷನ್ ಮುಗಿಯಿತು, ಇನ್ನು ಔಷಧಿ ಬೇಡ ಎಂದುಕೊಂಡವರಿಗೇ ಮೊದಲು ಮರಳುತ್ತದೆ. ನೀವು ಒಂದೂವರೆ ವರ್ಷ ಆರಾಮವಾಗಿದ್ದಾಗ ಸ್ಪ್ರೇ ಹಾಕುತ್ತಿದ್ದಿರಾ, ತೊಳೆಯುತ್ತಿದ್ದಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಪಾಲಿಪ್ ಇದ್ದವರನ್ನು ಎಂಡೋಸ್ಕೋಪ್ ಇಟ್ಟು ನೋಡಿದರೆ ಒಂದೆರಡು ವರ್ಷದೊಳಗೆ ಮೂವರಲ್ಲಿ ಒಬ್ಬರಿಗಾದರೂ ಮತ್ತೆ ಊತ ಕಾಣುತ್ತದೆ. ಆದರೆ ಅವರಲ್ಲಿ ಎರಡನೆಯ ಆಪರೇಷನ್ ಬೇಕಾಗುವವರು ಅದಕ್ಕಿಂತ ತೀರ ಕಡಿಮೆ. ನಡುವಿನ ಅಂತರವನ್ನು ಕಾಯುವುದು ದಿನದಿನದ ಔಷಧಿ.

ಹಾಗಾಗಿ ಯಾವ ಆಪರೇಷನ್ನಿಗೂ ಮೊದಲು ಔಷಧಿ ಸರಿಯಾಗಿ ಆಗಿರಬೇಕು. ದೀರ್ಘಕಾಲದ ಸೈನಸೈಟಿಸ್ ಎಂದು ಕರೆಯಬೇಕಾದರೆ ತೊಂದರೆ 12 ವಾರ ದಾಟಿರಬೇಕು, ಜೊತೆಗೆ ಎಂಡೋಸ್ಕೋಪಿಯಲ್ಲೋ ಸಿ.ಟಿ.ಯಲ್ಲೋ ಸಾಕ್ಷಿ ಕಾಣಬೇಕು. ಬರೀ ತಲೆನೋವಿಗೆ ಸೈನಸ್ ಎಂದು ಹೆಸರಿಟ್ಟು ಬಂದವರಲ್ಲಿ ಎಷ್ಟೋ ಮಂದಿಗೆ ಇರುವುದು ಮೈಗ್ರೇನ್. ಸಿ.ಟಿ. ಸ್ವಚ್ಛವಾಗಿದ್ದರೆ ಅವರಿಗೆ ಆಪರೇಷನ್ನಿಂದ ಏನೂ ಸಿಗುವುದಿಲ್ಲ. ಸ್ಟಿರಾಯ್ಡ್ ಸ್ಪ್ರೇ ಕನಿಷ್ಠ 8ರಿಂದ 12 ವಾರ ಬಿಡದೆ ಹಾಕಿರಬೇಕು. ಹಾಕುವ ರೀತಿಯಲ್ಲೇ ಅರ್ಧ ಜನ ಎಡವುತ್ತಾರೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ಕೊಳವೆಯ ತುದಿ ಅದೇ ಕಡೆಯ ಕಿವಿಯತ್ತ ತಿರುಗಿರುವಂತೆ ಒತ್ತಬೇಕು. ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ಔಷಧಿಯೂ ದಂಡ. ಒತ್ತಿದಮೇಲೆ ಜೋರಾಗಿ ಎಳೆದುಕೊಳ್ಳಬೇಡಿ, ಗಂಟಲಿಗೆ ಹೋಗುತ್ತದೆ. ಮೂಗು ಬಿಡಿಸುವ ಡ್ರಾಪ್ಸ್ ಮಾತ್ರ ಐದು ದಿನದ ಮೇಲೆ ಬೇಡ. ಅದು ಇಳಿದಾಗ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಆಮೇಲೆ ಅದಿಲ್ಲದೆ ನಿದ್ದೆಯೇ ಬಾರದ ಹಾಗಾಗುತ್ತದೆ.

ತೊಳೆಯುವ ನೀರಿನ ಅಳತೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಅಂದರೆ ಮಟ್ಟಸವಾದ ಒಂದೂವರೆ ಟೀ ಚಮಚ, ಜೊತೆಗೆ ಅರ್ಧ ಟೀ ಚಮಚ ಅಡುಗೆ ಸೋಡ. ಉಗುರು ಬೆಚ್ಚಗಿರಲಿ. ಹಿಂಡುವ ಬಾಟಲಿಯಿಂದ ಒಂದೊಂದು ಹೊಳ್ಳೆಗೂ 100–120 ಮಿ.ಲೀ., ದಿನಕ್ಕೆ ಎರಡು ಸಲ, ಬಾಯಿ ತೆರೆದು ಉಸಿರಾಡುತ್ತ. ಉರಿದರೆ ಉಪ್ಪಿನ ಅಳತೆ ತಪ್ಪಿದೆ ಎಂದು ಲೆಕ್ಕ. ಕುದಿಸದ ನಲ್ಲಿ ನೀರು ಬಳಸಲೇಬೇಡಿ. ನೇಗ್ಲೇರಿಯ ಎಂಬ ಅಮೀಬ ಮೂಗಿನ ಚಾವಣಿಯ ಮೂಲಕ ಮಿದುಳಿಗೆ ಏರುತ್ತದೆ. ಇದು ಬರುವುದು ಬಹಳ ಅಪರೂಪ, ಬಂದಮೇಲೆ ಬದುಕುವವರು ಇನ್ನೂ ಅಪರೂಪ. ಬಾಟಲಿಯನ್ನು ದಿನವೂ ತೊಳೆದು ಒಣಗಿಸಿ.

ಇಷ್ಟೆಲ್ಲ ಆಗಿಯೂ ಸಿ.ಟಿ.ಯಲ್ಲಿ ಸೈನಸ್ ತುಂಬಿಕೊಂಡೇ ಇದ್ದರೆ ಆಪರೇಷನ್ನಿನ ಮಾತು. ಫಂಗಸ್ ಉಂಡೆ, ಅಲರ್ಜಿಯ ಫಂಗಲ್ ಸೈನಸೈಟಿಸ್, ಸೈನಸ್ ಬಾಯಿ ಮುಚ್ಚಿ ಕಣ್ಣನ್ನು ಒತ್ತುವ ಸಿಂಬಳದ ಚೀಲ, ಗಡ್ಡೆ, ಇವಕ್ಕೆ ಮಾತ್ರ ಔಷಧಿಯ ಪರೀಕ್ಷೆ ಎಂದು ತಿಂಗಳುಗಟ್ಟಲೆ ಕಾಯುವ ಅಗತ್ಯವಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಬರುವ ಮ್ಯೂಕರ್‌ಮೈಕೋಸಿಸ್ (ಕಪ್ಪು ಫಂಗಸ್) ಅಂತೂ ತುರ್ತು. ಗಂಟೆಗಳ ಲೆಕ್ಕದಲ್ಲಿ ಸತ್ತ ಭಾಗ ತೆಗೆದು ಆಂಫೋಟೆರಿಸಿನ್ ಎಂಬ ಫಂಗಸ್ ಔಷಧಿ ಶುರುಮಾಡಬೇಕು.

ಕಣ್ಣು ಮತ್ತು ಮಿದುಳಿನ ಬಗ್ಗೆ ನಿಮಗಿರುವ ಭಯಕ್ಕೆ ಬರೋಣ. ಎತ್‌ಮಾಯ್ಡ್ ಸೈನಸ್ ಎನ್ನುವುದು ಎರಡು ಕಣ್ಣುಗಳ ನಡುವೆ ಜೇನುಗೂಡಿನಂಥ ಎಲುಬು. ಅದರ ಹೊರಗೋಡೆಯ ಆಚೆ ಕಣ್ಣು, ಗೋಡೆಯ ದಪ್ಪ ಕಾಗದದಷ್ಟು. ಚಾವಣಿಯ ಆಚೆ ಮಿದುಳು. ಹಿಂದಿನ ಸ್ಫೀನಾಯ್ಡ್ ಸೈನಸ್ಸಿನ ಪಕ್ಕದ ಗೋಡೆಯಲ್ಲಿ ದೃಷ್ಟಿನರ ಮತ್ತು ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ನಾಳ ಉಬ್ಬಿಕೊಂಡಿರುತ್ತವೆ. ಸಿ.ಟಿ. ಎನ್ನುವುದು ಕಾಯಿಲೆ ಇದೆಯೇ ಎಂದು ನೋಡುವುದಕ್ಕಿಂತ ಹೆಚ್ಚಾಗಿ ಈ ಅಪಾಯಗಳ ನಕ್ಷೆ. ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ಪದರಗಳಲ್ಲಿ, ಮೂರೂ ದಿಕ್ಕಿನಿಂದ ತೆಗೆದ ಚಿತ್ರ ಬೇಕು. ಶಸ್ತ್ರವೈದ್ಯರು ನೋಡುವುದು ಇವನ್ನು: ವಾಸನೆಯ ನರ ಕೂರುವ ಗುಳಿ ಎಷ್ಟು ಆಳ? 1–3 ಮಿ.ಮೀ. ಇದ್ದರೆ ನಿರಾಳ, 8 ಮಿ.ಮೀ. ದಾಟಿದರೆ ಪಕ್ಕದ ತೆಳುಗೋಡೆ ಎತ್ತರವಾಗಿದ್ದು ಸುಲಭವಾಗಿ ಒಡೆಯುತ್ತದೆ. ಎರಡೂ ಕಡೆಯ ಚಾವಣಿ ಸಮನೋ, ಒಂದು ಕಡೆ ತಗ್ಗೋ? ಕಣ್ಣಿನ ಗೋಡೆಯಲ್ಲಿ ಬಿರುಕಿದೆಯೇ? ಎತ್‌ಮಾಯ್ಡ್ ಧಮನಿ ಚಾವಣಿಗೆ ಅಂಟಿಕೊಂಡಿದೆಯೋ, ನೂಲಿನಂತೆ ಜೋತಾಡುತ್ತಿದೆಯೋ? ಹಿಂದಿನ ಎತ್‌ಮಾಯ್ಡ್ ಕೋಣೆ ಸ್ಫೀನಾಯ್ಡಿನ ಮೇಲೆ ಹತ್ತಿ ದೃಷ್ಟಿನರವನ್ನು ಸುತ್ತುವರಿದಿದೆಯೇ? ಹಿಂದಿನ ಆಪರೇಷನ್ ಆಗಿರುವ ನಿಮ್ಮಂಥವರಲ್ಲಿ ಇನ್ನೂ ಒಂದು: ನಡು ಟರ್ಬಿನೇಟ್ (ಮೂಗಿನೊಳಗೆ ಸುರುಳಿಯಂತೆ ಚಾಚಿರುವ ಎಲುಬು) ಉಳಿದಿದೆಯೋ, ಕತ್ತರಿಸಿಹೋಗಿದೆಯೋ? ಮೂಗಿನೊಳಗೆ ದಾರಿ ತೋರಿಸುವ ಮುಖ್ಯ ಗುರುತು ಅದೇ.

ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ, ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆ. ಅದಕ್ಕೆ ಒಂದು ವಾರ ಹತ್ತು ದಿನ ಮೊದಲೇ ಆಸ್ಪಿರಿನ್ ಬಗೆಯ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿದವರು ಮಾತ್ರ ತಾವಾಗಿ ನಿಲ್ಲಿಸದೆ ಹೃದಯ ವೈದ್ಯರನ್ನು ಕೇಳಲೇಬೇಕು. ಪಾಲಿಪ್ ದಟ್ಟವಾಗಿದ್ದರೆ ಐದಾರು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟು ಊತ ಇಳಿಸುತ್ತಾರೆ. ಸಕ್ಕರೆ ಕಾಯಿಲೆ, ಗ್ಲಾಕೋಮ ಇದ್ದರೆ ಮೊದಲೇ ಹೇಳಿ. ಈ ಸಿದ್ಧತೆಯೆಲ್ಲ ರಕ್ತ ಕಡಿಮೆ ಮಾಡುವುದಕ್ಕೆ. ಒಳಗೆ ಹೋಗುವ ಎಂಡೋಸ್ಕೋಪಿನ ದಪ್ಪ 4 ಮಿ.ಮೀ.; ಅದರ ತುದಿಗೆ ಒಂದು ಹನಿ ರಕ್ತ ಮೆತ್ತಿದರೆ ಪರದೆಯೆಲ್ಲ ಕೆಂಪು. ಆಗ ಮುಂದಿರುವುದು ಪಾಲಿಪ್ಪೋ ಕಣ್ಣಿನ ಕೊಬ್ಬೋ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ಮೇಜಿನ ತಲೆಭಾಗ 15–20 ಡಿಗ್ರಿ ಎತ್ತಿ, ಅಡ್ರಿನಲಿನ್ ಅದ್ದಿದ ಹತ್ತಿಪಟ್ಟಿ ತುರುಕಿ, ಅರಿವಳಿಕೆ ತಜ್ಞರು ರಕ್ತದೊತ್ತಡ ಮತ್ತು ನಾಡಿಯನ್ನು ತಗ್ಗಿಸಿ ಹಿಡಿಯುತ್ತಾರೆ. ಒಳ್ಳೆಯ ಸೈನಸ್ ಆಪರೇಷನ್ನಿನಲ್ಲಿ ಅರ್ಧ ಪಾಲು ಅರಿವಳಿಕೆ ತಜ್ಞರದು, ಆ ಹೆಸರನ್ನು ಯಾರೂ ಕೇಳುವುದಿಲ್ಲ.

ಪಾಲಿಪ್ಪುಗಳನ್ನು ಮೈಕ್ರೋಡಿಬ್ರೈಡರ್ ಎಂಬ, ಹೀರಿಕೊಳ್ಳುತ್ತಲೇ ಕತ್ತರಿಸುವ ಕೊಳವೆಯಿಂದ ತೆಗೆಯುತ್ತಾರೆ. ಆಮೇಲೆ ಕೊಕ್ಕೆಯಾಕಾರದ ಅನ್ಸಿನೇಟ್ ಎಲುಬನ್ನು ತೆಗೆದರೆ ಅದರ ಮರೆಯಲ್ಲಿ ಕೆನ್ನೆಯ ಸೈನಸ್ಸಿನ ಸಹಜ ಬಾಯಿ ಕಾಣುತ್ತದೆ. ಅಗಲಿಸುವಾಗ ಆ ಬಾಯಿ ಹೊಸ ಕಿಟಕಿಯೊಳಗೆ ಸೇರಲೇಬೇಕು. ಅದರ ಹಿಂದೆ ಬೇರೆ ತೂತು ಮಾಡಿ, ಎರಡರ ನಡುವೆ ಸೇತುವೆ ಉಳಿಸಿದರೆ ಸಿಂಬಳ ಸಹಜ ಬಾಯಿಯಿಂದ ಹೊರಬಂದು ಪಕ್ಕದ ತೂತಿನಿಂದ ಮತ್ತೆ ಒಳಗಿಳಿಯುತ್ತದೆ, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಎಂಡೋಸ್ಕೋಪಿನಲ್ಲಿ ದೊಡ್ಡ ಕಿಟಕಿ ಕಾಣುತ್ತದೆ, ಆದರೂ ರೋಗಿಗೆ ಸಿಂಬಳ ನಿಂತಿರುವುದಿಲ್ಲ. ಎರಡನೆಯ ಆಪರೇಷನ್ನಿಗೆ ಬರುವವರಲ್ಲಿ ಪದೇ ಪದೇ ಕಾಣುವ ತಪ್ಪು ಇದು. ಮುಂದೆ ಎತ್‌ಮಾಯ್ಡ್ ಕೋಣೆಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಡಿಸಿ, ಸ್ಫೀನಾಯ್ಡಿನ ಬಾಯಿ ಹುಡುಕಿ, ಕೊನೆಗೆ ಹಣೆಯ ಸೈನಸ್ಸಿನ ದಾರಿಗೆ ಬರುತ್ತಾರೆ. ಅದು ಕಿರಿದು, 45 ಅಥವಾ 70 ಡಿಗ್ರಿ ಓರೆ ನೋಟದ ಎಂಡೋಸ್ಕೋಪಿನಲ್ಲಿ, ಬಾಗಿದ ಸಲಕರಣೆಗಳಿಂದ ಮಾಡಬೇಕಾದ ಕೆಲಸ. ಅಲ್ಲಿ ಒಳಪದರ ಸುತ್ತಲೂ ಹರಿದರೆ ಗಾಯ ಒಣಗುವಾಗ ಬಾಯಿ ಕುಗ್ಗಿ ಮುಚ್ಚುತ್ತದೆ. ಮತ್ತೆ ಮತ್ತೆ ಮುಚ್ಚಿದವರಿಗೆ ಎರಡೂ ಹಣೆಯ ಸೈನಸ್ಸುಗಳನ್ನು ಡ್ರಿಲ್ ಮಾಡಿ ಒಂದೇ ದೊಡ್ಡ ಬಾಯಿಯಾಗಿಸುವ ಡ್ರಾಫ್ 3 ಎಂಬ ವಿಧಾನವಿದೆ. ಬಲೂನ್ ಹಾಕಿ ಹಿಗ್ಗಿಸುವುದರ ಬಗ್ಗೆ ಕೇಳಿರಬಹುದು. ಪಾಲಿಪ್ ಇಲ್ಲದ ಸಣ್ಣ ಕಾಯಿಲೆಗೆ ಸರಿ, ನಿಮ್ಮಂಥವರಿಗೆ ಅದರಿಂದ ಕೆಲಸವಾಗುವುದಿಲ್ಲ.

ಗುರುತುಗಳು ಕಲಸಿಹೋಗಿರುವ ಎರಡನೆಯ ಆಪರೇಷನ್ನಿನಲ್ಲಿ ನ್ಯಾವಿಗೇಷನ್ ಯಂತ್ರ ನೆರವಾಗುತ್ತದೆ. ಸಲಕರಣೆಯ ತುದಿ ಎಲ್ಲಿದೆ ಎಂದು ಸಿ.ಟಿ. ಚಿತ್ರದ ಮೇಲೆ ಅದು ತೋರಿಸುತ್ತದೆ. ಆದರೆ ಅದು ಒಂದೆರಡು ಮಿಲಿಮೀಟರ್ ತಪ್ಪಬಹುದು, ಕಣ್ಣಿನ ಗೋಡೆ ಅದಕ್ಕಿಂತ ತೆಳು. ಯಂತ್ರ ನಂಬಿ ಮುನ್ನುಗ್ಗುವವರಿಗಿಂತ, ಅನುಮಾನ ಬಂದಾಗ ನಿಲ್ಲಿಸುವವರ ಕೈಯಲ್ಲಿ ರೋಗಿ ಸುರಕ್ಷಿತ.

ಅಪಾಯ ಎಷ್ಟು? ಕಣ್ಣಿಗೋ ಮಿದುಳಿಗೋ ತಾಗುವ ದೊಡ್ಡ ತೊಡಕು ನೂರರಲ್ಲಿ ಒಬ್ಬರಿಗೂ ಇಲ್ಲದಷ್ಟು ಕಡಿಮೆ, ಎರಡನೆಯ ಸಲದ ಆಪರೇಷನ್ನಿನಲ್ಲಿ ತುಸು ಹೆಚ್ಚು. ಎತ್‌ಮಾಯ್ಡ್ ಧಮನಿ ಕಡಿದು ಕಣ್ಣಿನ ಗೂಡಿನೊಳಗೆ ಸರಿದರೆ ಅಲ್ಲಿ ರಕ್ತ ಕಟ್ಟಿ ಕಣ್ಣು ಕಲ್ಲಿನಂತೆ ಬಿಗಿಯುತ್ತದೆ. ಒಂದು ಒಂದೂವರೆ ಗಂಟೆಯೊಳಗೆ ಒತ್ತಡ ಇಳಿಸದಿದ್ದರೆ ದೃಷ್ಟಿ ಹೋಗಬಹುದು. ಅದಕ್ಕೇ ಆಪರೇಷನ್ ಉದ್ದಕ್ಕೂ ಎರಡೂ ಕಣ್ಣುಗಳನ್ನು ಬಟ್ಟೆಯಿಂದ ಮುಚ್ಚದೆ ತೆರೆದಿಟ್ಟು, ಆಗಾಗ ಒತ್ತಿ ನೋಡುತ್ತಾರೆ. ಚಾವಣಿ ಬಿರಿದರೆ ಮಿದುಳಿನ ಸುತ್ತಲಿನ ದ್ರವ ಸೋರುತ್ತದೆ. ಮೇಜಿನ ಮೇಲೇ ಗೊತ್ತಾದರೆ ಮೂಗಿನ ಒಳಪದರದ ತುಂಡಿನಿಂದ ಆಗಲೇ ಮುಚ್ಚಬಹುದು, ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ. ಗೊತ್ತಾಗದೆ ಉಳಿದದ್ದು ಮನೆಗೆ ಹೋದಮೇಲೆ ಕಾಣಿಸುತ್ತದೆ: ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ ದ್ರವ ತೊಟ್ಟಿಕ್ಕುತ್ತದೆ, ಬಾಯಿಗೆ ಉಪ್ಪುಪ್ಪು. ಅದನ್ನು ಬಾಟಲಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಕೊಟ್ಟರೆ ಸಂಶಯ ತೀರುತ್ತದೆ. ಇವೆಲ್ಲ ವಿರಳ. ಸಾಮಾನ್ಯವಾಗಿ ಆಗುವುದು ಸಣ್ಣ ತೊಂದರೆಗಳು: ರಕ್ತ ಒಸರುವುದು, ಒಣಗಿದ ಹಕ್ಕಳೆ ಕಟ್ಟುವುದು, ಟರ್ಬಿನೇಟು ಪಕ್ಕದ ಗೋಡೆಗೆ ಅಂಟಿಕೊಳ್ಳುವುದು.

ತೆಗೆದ ಮಾಂಸವನ್ನು ಬಲಕ್ಕೊಂದು, ಎಡಕ್ಕೊಂದು ಬಾಟಲಿ ಮಾಡಿ ಪರೀಕ್ಷೆಗೆ ಕಳಿಸುವಂತೆ ಕೇಳಿ. ಎರಡೂ ಒಂದರಲ್ಲೇ ಹೋದರೆ ನಾಳೆ ವರದಿಯಲ್ಲಿ ಏನಾದರೂ ಬಂದಾಗ ಯಾವ ಕಡೆಯದು ಎಂದು ಹೇಳುವವರಿಲ್ಲ. ಫಂಗಸ್ ಕಲ್ಚರಿಗೆ ಕಳಿಸುವುದು ಫಾರ್ಮಲಿನ್‌ನಲ್ಲಲ್ಲ, ಸಲೈನಿನಲ್ಲಿ. ಫಾರ್ಮಲಿನ್ ಬಿದ್ದರೆ ಫಂಗಸ್ ಸತ್ತು ಏನೂ ಬೆಳೆಯುವುದಿಲ್ಲ.

ಆಪರೇಷನ್ ಆದಮೇಲೆ ಮೂರರಿಂದ ಐದು ದಿನ ರಕ್ತ ಬೆರೆತ ಸಿಂಬಳ ಸಹಜ. ಹತ್ತು ಹದಿನಾಲ್ಕು ದಿನ ಮೂಗು ಸೀದಬಾರದು. ಕಣ್ಣಿನ ಗೋಡೆಯಲ್ಲಿ ಬಿರುಕಿದ್ದರೆ ಸೀದಿದಾಗ ಗಾಳಿ ಕಣ್ಣಿನ ಸುತ್ತ ನುಗ್ಗಿ ರೆಪ್ಪೆ ಉಬ್ಬುತ್ತದೆ, ಒತ್ತಿದರೆ ಚರಚರ ಎನ್ನುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಿ. ತಲೆ ಎತ್ತರಿಸಿ ಮಲಗಿ, ಎರಡು ವಾರ ಭಾರ ಎತ್ತಬೇಡಿ. ತೊಳೆಯುವುದು ಸಾಮಾನ್ಯವಾಗಿ ಒಂದೆರಡು ದಿನದೊಳಗೇ ಶುರು. ವಾರದೊಳಗೊಮ್ಮೆ, ಆಮೇಲೆ ಮತ್ತೆ ಎರಡು ಮೂರು ಸಲ ಎಂಡೋಸ್ಕೋಪ್ ಹಾಕಿ ಹಕ್ಕಳೆ ತೆಗೆಯುತ್ತಾರೆ. ಇದು ನೋವಿನ ಕೆಲಸ, ಜನ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಬೇಡಿ, ಅಂಟುವಿಕೆ ಶುರುವಾಗುವುದು ಆ ಹಕ್ಕಳೆಗಳ ಕೆಳಗೇ. ಪಾಲಿಪ್ ಇದ್ದವರಿಗೆ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ 0.5ರಿಂದ 1 ಮಿ.ಗ್ರಾಂ. ಅನ್ನು ತೊಳೆಯುವ 240 ಮಿ.ಲೀ. ನೀರಿಗೇ ಬೆರೆಸಿ ಬಳಸಲು ವೈದ್ಯರು ಹೇಳಬಹುದು. ಅಗಲಿಸಿದ ಬಾಯಿಯ ಪೂರ್ತಿ ಪ್ರಯೋಜನ ಸಿಗುವುದು ಇದರಿಂದಲೇ. ಒಳಪದರ ಪೂರ್ತಿ ಮಾಯಲು ಆರರಿಂದ ಹನ್ನೆರಡು ವಾರ ಬೇಕು.

ನಿಮಗೆ ಆಸ್ತಮಾ ಇದೆಯೇ? ಆಸ್ಪಿರಿನ್, ಐಬುಪ್ರೋಫೆನ್, ಡೈಕ್ಲೋಫೆನಾಕ್ ತೆಗೆದುಕೊಂಡಾಗ ಉಬ್ಬಸ ಬರುತ್ತದೆಯೇ? ಪಾಲಿಪ್, ಆಸ್ತಮಾ, ಈ ಮಾತ್ರೆಗಳಿಂದ ಉಬ್ಬಸ, ಮೂರೂ ಕೂಡಿದವರಲ್ಲಿ ಪಾಲಿಪ್ ಅತಿ ಬೇಗ ಮರಳುತ್ತದೆ. ಅಂಥವರಿಗೆ ಆಪರೇಷನ್ನಿನ ನಂತರ ಆಸ್ಪತ್ರೆಯಲ್ಲಿಟ್ಟು ಆಸ್ಪಿರಿನ್ ಒಗ್ಗಿಸುವ ಚಿಕಿತ್ಸೆಯುಂಟು. ಸರಿಯಾದ ಆಪರೇಷನ್, ಸರಿಯಾದ ಔಷಧಿ ಎರಡೂ ಆಗಿ ಮತ್ತೆ ಬಂದರೆ ಡುಪಿಲುಮಾಬ್, ಮೆಪೊಲಿಝುಮಾಬ್, ಒಮಾಲಿಝುಮಾಬ್ ಎಂಬ ಚುಚ್ಚುಮದ್ದುಗಳಿವೆ. ಡುಪಿಲುಮಾಬ್ 300 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ ಚರ್ಮದಡಿ ಕೊಡುತ್ತಾರೆ. ಪಾಲಿಪ್ ಕುಗ್ಗುತ್ತದೆ, ಬಹಳ ಜನರಿಗೆ ವಾಸನೆಯೂ ಮರಳುತ್ತದೆ; ನಿಲ್ಲಿಸಿದರೆ ಹಲವರಿಗೆ ಮತ್ತೆ ಬೆಳೆಯುತ್ತದೆ. ದುಬಾರಿ ಮತ್ತು ದೀರ್ಘ. ನಿಮ್ಮ ವಿಷಯದಲ್ಲಿ ಬಲಗಡೆಯ ಬಯಾಪ್ಸಿ ಬರುವ ಮೊದಲು ಇದರ ಮಾತೇ ಬೇಡ.

ಆ ವರದಿಯಲ್ಲಿ ಇನ್‌ವರ್ಟೆಡ್ ಪ್ಯಾಪಿಲೋಮ ಎಂದು ಬಂದರೆ? ಅದು ಕ್ಯಾನ್ಸರ್ ಅಲ್ಲ. ಆದರೆ ಎಲುಬನ್ನು ಸವೆಸುತ್ತದೆ, ಸರಿಯಾಗಿ ತೆಗೆಯದಿದ್ದರೆ ಮರಳುತ್ತದೆ, ಸುಮಾರು ಹತ್ತರಲ್ಲಿ ಒಂದರಲ್ಲಿ ಕ್ಯಾನ್ಸರ್ ಜೊತೆಗಿರುತ್ತದೆ ಅಥವಾ ಮುಂದೆ ಹುಟ್ಟುತ್ತದೆ. ಇಲ್ಲಿ ಆಪರೇಷನ್ನಿನ ನಿಯಮವೇ ತಿರುವುಮುರುವು. ಪಾಲಿಪ್ಪಿನಲ್ಲಿ ಒಳಪದರ ಉಳಿಸಬೇಕು; ಇದರಲ್ಲಿ ಗಡ್ಡೆ ಬೇರೂರಿದ ಜಾಗದ ಒಳಪದರವನ್ನು ಪೂರ್ತಿ ಕಿತ್ತು, ಕೆಳಗಿನ ಎಲುಬನ್ನೂ ಡೈಮಂಡ್ ಬರ್ರ್ ಎಂಬ ಡ್ರಿಲ್ ತುದಿಯಿಂದ ತೇಯಬೇಕು. ಮೂಗಿನ ತುಂಬ ಕಂಡರೂ ಅದರ ಬುಡ ಎಷ್ಟೋ ಸಲ ಒಂದು ಸಣ್ಣ ಜಾಗ, ಸಿ.ಟಿ.ಯಲ್ಲಿ ಆ ಒಂದೇ ಕಡೆ ಎಲುಬು ದಪ್ಪವಾಗಿ ಮೊನೆ ಎದ್ದಿದ್ದರೆ ಬುಡ ಅಲ್ಲೇ ಎಂದು ಅಂದಾಜು ಮಾಡುತ್ತಾರೆ. ಬುಡ ಕೆನ್ನೆಯ ಸೈನಸ್ಸಿನ ಮುಂಗೋಡೆಯಲ್ಲೋ ತಳದಲ್ಲೋ ಇದ್ದರೆ ಮಾಮೂಲಿ ಕಿಟಕಿಯಿಂದ ಕೈ ಎಟುಕದು, ಮೂಗಿನ ಪಕ್ಕದ ಗೋಡೆಯನ್ನೇ ತೆಗೆಯುವ ಮೀಡಿಯಲ್ ಮ್ಯಾಕ್ಸಿಲೆಕ್ಟಮಿ ಬೇಕು. ಅದೂ ಹೆಚ್ಚಿನವರಲ್ಲಿ ಎಂಡೋಸ್ಕೋಪಿನಲ್ಲೇ, ಮುಖದ ಮೇಲೆ ಗಾಯವಿಲ್ಲದೆ ಆಗುತ್ತದೆ. ಪಾಲಿಪ್ ಎಂದುಕೊಂಡು ಮೇಲಿಂದ ಮೇಲೆ ಕತ್ತರಿಸಿ ಬಿಟ್ಟರೆ ಮರಳುವುದು ಬಹುತೇಕ ಖಚಿತ, ಎರಡನೆಯ ಸಲಕ್ಕೆ ಬುಡ ಹುಡುಕುವುದೂ ಕಷ್ಟ. ಬಯಾಪ್ಸಿಯನ್ನು ಆಪರೇಷನ್ನಿಗೆ ಮೊದಲು ಮಾಡುವುದಕ್ಕೆ ಇದೇ ದೊಡ್ಡ ಕಾರಣ. ಆಮೇಲೆ ವರ್ಷಗಟ್ಟಲೆ ಎಂಡೋಸ್ಕೋಪಿ ತಪಾಸಣೆ ನಡೆಯಬೇಕು, ಐದು ವರ್ಷದ ಮೇಲೂ ಮರಳಿದ ಉದಾಹರಣೆಗಳಿವೆ.

ಕ್ಯಾನ್ಸರ್ ಆಗಿದ್ದರೆ ಯಾವ ಜಾತಿ ಎನ್ನುವುದರ ಮೇಲೆ ದಾರಿ. ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಮರಗೆಲಸದ ಧೂಳಿನಲ್ಲಿ ವರ್ಷಾನುಗಟ್ಟಲೆ ದುಡಿದವರಲ್ಲಿ ಎತ್‌ಮಾಯ್ಡಿನ ಅಡಿನೋಕಾರ್ಸಿನೋಮ ಬರುತ್ತದೆ. ಲಿಂಫೋಮಕ್ಕೆ ಆಪರೇಷನ್ನೇ ಇಲ್ಲ, ಕೀಮೋ ಮತ್ತು ರೇಡಿಯೇಷನ್. ಕೆಲವಕ್ಕೆ ಮೊದಲು ಕೀಮೋ ಕೊಟ್ಟು ಕುಗ್ಗಿಸುತ್ತಾರೆ. ಉಳಿದ ಬಹುಪಾಲಿಗೆ ಮೊದಲು ಆಪರೇಷನ್, ಆರು ವಾರದೊಳಗೆ ರೇಡಿಯೇಷನ್ ಶುರು. ಒಟ್ಟು 60ರಿಂದ 66 ಗ್ರೇ (ರೇಡಿಯೇಷನ್ನಿನ ಅಳತೆ), 30–33 ಸಲ ಹಂಚಿ. ಗಡ್ಡೆ ಕೆನ್ನೆಯ ಚರ್ಮಕ್ಕೆ, ಅಂಗುಳಕ್ಕೆ, ಕಣ್ಣಿನೊಳಕ್ಕೆ ಹೋಗಿರದಿದ್ದರೆ ಎಂಡೋಸ್ಕೋಪಿನಿಂದಲೇ ತೆಗೆಯಬಹುದು. ತಲೆಬುರುಡೆಯ ತಳದಲ್ಲಿ ತೂತಾದರೆ ಮೂಗಿನ ನಡುಗೋಡೆಯ ಪದರವನ್ನು ಅದರ ರಕ್ತನಾಳದ ಸಮೇತ ಬಾಗಿಲಿನಂತೆ ತಿರುಗಿಸಿ ಮುಚ್ಚುತ್ತಾರೆ. 2006ರಲ್ಲಿ ಪ್ರಕಟವಾದ ಈ ಒಂದು ಉಪಾಯದಿಂದ ಮಿದುಳಿನ ದ್ರವ ಸೋರುವುದು ಬಹಳ ಇಳಿಯಿತು. ಅಂಗುಳ ತೆಗೆಯಬೇಕಾದಾಗ ಎಂಡೋಸ್ಕೋಪ್ ಒಂದೇ ಸಾಲದು, ಕೆಲವರಿಗೆ ಮುಖದ ಮೇಲೂ ಕೊಯ್ಯಬೇಕಾಗುತ್ತದೆ. ಆಗ ಆಪರೇಷನ್ನಿಗೆ ಮೊದಲೇ ದಂತವೈದ್ಯರಿಂದ ಅಚ್ಚು ತೆಗೆಸಿ, ಅಂಗುಳದ ತೂತು ಮುಚ್ಚುವ ತಟ್ಟೆ ಸಿದ್ಧ ಮಾಡಿಸಿಟ್ಟುಕೊಳ್ಳಬೇಕು. ಅದಿಲ್ಲದೆ ಎಚ್ಚರವಾದರೆ ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಅರ್ಥವಾಗುವುದಿಲ್ಲ. ರೋಗಿ ಕುಗ್ಗಿಹೋಗುವುದು ಬಹಳ ಸಲ ಈ ಕಾರಣಕ್ಕೆ.

ನೀವು ಈಗ ಮಾಡಬೇಕಾದ್ದು: ಐದು ವರ್ಷದ ಹಿಂದಿನ ಆಪರೇಷನ್ ಟಿಪ್ಪಣಿ ಮತ್ತು ಆಗಿನ ಮಾಂಸ ಪರೀಕ್ಷೆಯ ವರದಿ ಹುಡುಕಿ. ವರದಿ ಸಿಕ್ಕದಿದ್ದರೆ ಆಗಿನ ಪ್ರಯೋಗಾಲಯದಲ್ಲಿ ಸ್ಲೈಡು ಅಥವಾ ಮೇಣದ ಬ್ಲಾಕ್ ಉಳಿದಿದೆಯೇ ಎಂದು ವಿಚಾರಿಸಿ. ಅದನ್ನು ಮತ್ತೊಮ್ಮೆ ಓದಿಸಿದಾಗ ಅಂದೇ ಇದ್ದ ಪ್ಯಾಪಿಲೋಮ ಈಗ ಕಂಡದ್ದುಂಟು. ಹಳೆಯ ಸಿ.ಟಿ.ಯ ಸಿ.ಡಿ. ಇದ್ದರೆ ಹೊಸದರ ಪಕ್ಕ ಇಟ್ಟು ನೋಡಲು ಕೊಡಿ. ಶಸ್ತ್ರವೈದ್ಯರನ್ನು ನೇರವಾಗಿ ಕೇಳಿ: ಬುಡ ಎಲ್ಲಿರಬಹುದು, ವರದಿ ಪ್ಯಾಪಿಲೋಮ ಎಂದು ಬಂದರೆ ಯೋಜನೆ ಹೇಗೆ ಬದಲಾಗುತ್ತದೆ, ಚಾವಣಿ ಒಡೆದರೆ ಅಲ್ಲೇ ಮುಚ್ಚುವ ಅನುಭವ ಇದೆಯೇ. ಆ ನಡುವೆ ಕೆನ್ನೆ ಜೋಮು ಹಿಡಿದರೆ, ಮೇಲಿನ ಹಲ್ಲು ಕಾರಣವಿಲ್ಲದೆ ಅಲುಗಾಡಿದರೆ, ಕಣ್ಣು ಮುಂದಕ್ಕೆ ಉಬ್ಬಿದರೆ, ಒಂದು ಎರಡಾಗಿ ಕಂಡರೆ ಅಥವಾ ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ, ಕೊಟ್ಟ ತಾರೀಖಿನವರೆಗೆ ಕಾಯಬೇಡಿ, ಅದೇ ವಾರ ಹೋಗಿ ತೋರಿಸಿ. ದೃಷ್ಟಿ ಮಸುಕಾದರೆ ಅದೇ ದಿನ.